ಕಾಗೆ ತರುತ್ತಿದ್ದ ಸುದ್ದಿ

ನಮ್ಮ ಅಕ್ಕನಷ್ಟು ಗಟ್ಟಿಯಾಗಿ ಕುರ್ಚಿ ಹಿಡಿದು ಕೂರುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ, ಸೂರು ಓರೆಯಾಗಿ ಇಳಿದಿರುವ ಸಣ್ಣ ಕೋಣೆಯಲ್ಲಿ ಅವಳ ಕೌಂಟರು. ಜನ ಬಸ್ಸಿನಲ್ಲಿ ಮರೆತು ಇಳಿದದ್ದೆಲ್ಲ ಅಲ್ಲಿಗೆ ಬಂದು ಸೇರುತ್ತದೆ. ಕೊಡೆಗಳಿಗೇ ಒಂದು ಡ್ರಮ್ಮು. ಹಿಂದಿನ ಕಬ್ಬಿಣದ ಹಲಗೆಗಳ ಮೇಲೆ ಕನ್ನಡಕ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿ, ಕೈಚೀಲ. ಒಮ್ಮೆ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು ಕೂಡ ಬಂದಿತ್ತು. ಇನ್ನೊಮ್ಮೆ ಒಂದು ಊರುಗೋಲು. ಊರುಗೋಲನ್ನು ಬಸ್ಸಿನಲ್ಲೇ ಬಿಟ್ಟ ಪುಣ್ಯಾತ್ಮ ಮನೆಯವರೆಗೆ ಹೇಗೆ ನಡೆದ ಎಂದು ನಾನು ಬಿದ್ದು ಬಿದ್ದು ನಕ್ಕರೆ ಅಕ್ಕ ತುಟಿ ಕೂಡ ಅಲುಗಿಸಲಿಲ್ಲ. "ಬರ್ತಾನೆ ಬಿಡು" ಎಂದಳು, ಅಷ್ಟೇ.

ಕಳೆದುಕೊಂಡವರು ಬರುತ್ತಾರೆ ಎನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿಲ್ಲ. ಬಂದವರಿಗೆ ಅವಳು ಹೇಳುವ ಮೊದಲ ಮಾತು "ಗುರುತು ಹೇಳಿ." ಕಪ್ಪು ಕೊಡೆ ಎಂದರೆ ಸಾಲದು, ಕಪ್ಪು ಕೊಡೆ ಎಲ್ಲರದೂ ಇರುತ್ತದೆ. ಯಾವ ಕಡ್ಡಿ ಬಾಗಿದೆ, ಹಿಡಿಕೆಗೆ ಏನು ಸುತ್ತಿದೆ, ಬಟ್ಟೆಗೆ ಎಲ್ಲಿ ಹೊಲಿಗೆ ಬಿದ್ದಿದೆ ಎಂದು ಹೇಳಬೇಕು. ಹೇಳಲಾರದವರು ಮೇಲಧಿಕಾರಿಯೇ ಆಗಿರಲಿ, ಬರಿಗೈಲಿ ಹೋಗಬೇಕು. ಅವಳು ಮಾತ್ರ ಯಾರನ್ನೂ ಹುಡುಕಿಕೊಂಡು ಹೋಗುವುದಿಲ್ಲ. ಕೈಚೀಲದೊಳಗೆ ಅದರ ಒಡತಿಯ ವಿಳಾಸವೇ ಇದ್ದಾಗಲೂ ನಾನು "ನನ್ನ ದಾರೀಲೇ ಇದೆ, ಕೊಟ್ಟು ಬರ್ತೀನಿ" ಎಂದರೆ, "ಇಲ್ಲಿ ಹಾಗೆ ನಡೆಯಲ್ಲ. ಅವರೇ ಬರಬೇಕು" ಎನ್ನುತ್ತಿದ್ದಳು. ನನಗೋ ಮೈ ಉರಿಯುತ್ತಿತ್ತು. ನಾನು ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದುವವಳು, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಒಂದೇ ಹೊಟ್ಟೆಯಲ್ಲಿ ಇಂಥ ಇಬ್ಬರು ಹೇಗೆ ಹುಟ್ಟಿದೆವು ಎಂದು ಅಮ್ಮನೇ ಎಷ್ಟೋ ಸಲ ತಲೆ ಚಚ್ಚಿಕೊಂಡಿದ್ದಾಳೆ.

ಈ ಅಕ್ಕ, ಯಾರೂ ಕೇಳಿಕೊಂಡು ಬಾರದ ಮಧ್ಯಾಹ್ನಗಳಲ್ಲಿ, ಅದೇ ಕೌಂಟರಿನ ಹಿಂದೆ ಕೂತು ಮಕ್ಕಳಿಗೆ ಕಥೆ ಬರೆದಳು. ನದಿಯ ದಂಡೆಯಲ್ಲಿ ಕೆಟ್ಟು ನಿಂತ ಬಸ್ಸು, ಅದರೊಳಗೆ ವಾಸವಾಗಿರುವ ಪ್ರಾಣಿಗಳು. ಮೊಲ ಒಂಟಿ ಬೂಟಿನಲ್ಲಿ ಮಲಗುತ್ತದೆ, ಮುಳ್ಳುಹಂದಿ ಟಿಫಿನ್ ಡಬ್ಬಿಯಲ್ಲಿ ಗುಂಡಿಗಳನ್ನು ಕೂಡಿಡುತ್ತದೆ, ಮುದಿ ಆಮೆ ಡ್ರೈವರ್ ಸೀಟಿನಲ್ಲಿ ಕೂತು ಇವತ್ತೋ ನಾಳೆಯೋ ಬಸ್ಸು ಹೊರಡುತ್ತದೆ ಎಂದು ನಂಬಿಕೊಂಡಿದೆ. 'ಹಳೇ ಬಸ್ಸಿನ ಬಳಗ' ಎಂದು ಅದರ ಹೆಸರು. ಒಂದಾದ ಮೇಲೊಂದರಂತೆ ಏಳು ಪುಸ್ತಕ ಬಂದವು. ಶಾಲೆಗಳ ಕಪಾಟಿನಲ್ಲಿ ಹೊದಿಕೆ ಕಿತ್ತುಹೋಗುವಷ್ಟು ಓದಿಸಿಕೊಂಡವು.

ಊರಿನ ಮಕ್ಕಳಿಗೆ ಅದು ಪ್ರಾಣಿಗಳ ಕಥೆ, ನಮ್ಮ ಮನೆಯವರಿಗೆ ಮನೆಯ ಕಥೆ. ಅಕ್ಕ ಬಾಯಿಬಿಟ್ಟು ಹೇಳಲಿಲ್ಲ, ನಾವೂ ಕೇಳಲಿಲ್ಲ. ಆದರೆ ಕೂತಲ್ಲಿ ಕೂರಲಾರದ ಮೊಲ ನಾನು ಎಂದು ತಿಳಿಯುವುದಕ್ಕೆ ಯಾರೂ ಜಾಣರಾಗಬೇಕಿರಲಿಲ್ಲ. ನಾನು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ವರ್ಷ ಮೊಲವೂ ಕಾಲು ಮುರಿದುಕೊಂಡಿತು. ನನಗೆ ಮದುವೆಯಾದಾಗ ಬಸ್ಸಿಗೆ ಒಂದು ಗೊಣಗುವ ಕಪ್ಪೆ ಬಂದು ಸೇರಿತು. ನನ್ನ ಗಂಡ ಆ ಪುಸ್ತಕವನ್ನು ಓದಿ ಅಕ್ಕನ ಜೊತೆ ಬಹಳ ದಿನ ಮಾತು ಬಿಟ್ಟಿದ್ದರು. ಟೈಲರ್ ಅಂಗಡಿಯ ಚಿಕ್ಕಪ್ಪ ಮುಳ್ಳುಹಂದಿ. ಅಪ್ಪ ಕರಡಿ. ಅಮ್ಮ ಆಮೆ.

ನೀರುನಾಯಿ ನಮ್ಮ ಅಣ್ಣ. ಅಕ್ಕನಿಗೆ ತಮ್ಮ, ನನಗೆ ಅಣ್ಣ. ಅಪ್ಪನ ಟೈಲರ್ ಅಂಗಡಿಯಲ್ಲಿ ಇಸ್ತ್ರಿ ಮಾಡಲು ನಿಂತವನ ಕಣ್ಣೆಲ್ಲ ಸದಾ ನದಿಯ ಕಡೆ, ಸರಕು ದೋಣಿಗಳ ಕಡೆ. ಒಂದು ದಿನ ಗಿರಾಕಿಯ ಕೋಟನ್ನು ಸುಟ್ಟುಬಿಟ್ಟ. ಅಂಗಡಿ ತುಂಬ ಜನರಿದ್ದರು. ಅಪ್ಪ ಎಲ್ಲರೆದುರಿಗೆ ಅವನ ಕೆನ್ನೆಗೆ ಬಾರಿಸಿದರು. ಅಣ್ಣ ಕೊರಳಲ್ಲಿದ್ದ ಅಳತೆ ಪಟ್ಟಿಯನ್ನು ತೆಗೆದು ಮೊಳೆಗೆ ನೇತುಹಾಕಿ ಹೊರಗೆ ಹೋದ. ಮತ್ತೆ ಬರಲಿಲ್ಲ. "ಅವನನ್ನ ಹುಡುಕ್ಕೊಂಡು ಹೋಗೋರು ಯಾರಾದ್ರೂ ಇದ್ರೆ, ಹಾಗೇ ಅವನ ಜೊತೆಗೇ ಇದ್ದುಬಿಡಿ" ಎಂದು ಅಪ್ಪ ಊಟದ ಹೊತ್ತಿನಲ್ಲಿ ಹೇಳಿದರು. ಅಂದಿನಿಂದ ಮನೆಯಲ್ಲಿ ಅವನ ಹೆಸರು ನಿಂತುಹೋಯಿತು. ಅಪ್ಪ ತೀರಿಕೊಂಡ ಮೇಲೂ ಯಾಕೋ ಅದು ಶುರುವಾಗಲೇ ಇಲ್ಲ.

ಪುಸ್ತಕದಲ್ಲಿ ಮಾತ್ರ ಅವನು ಇದ್ದ. ಮೊದಲ ಪುಸ್ತಕದ ಕೊನೆಗೆ ನೀರುನಾಯಿ ನದಿಗೆ ಇಳಿದು ಹೊರಟುಹೋಗುತ್ತದೆ. ಆಮೇಲೆ ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಕಾಗೆ ಬಂದು ಬಸ್ಸಿನ ಕನ್ನಡಿಯ ಮೇಲೆ ಕೂತು ಅದರ ಸುದ್ದಿ ಹೇಳುತ್ತದೆ. ದೊಡ್ಡ ಸೇತುವೆ ದಾಟಿತಂತೆ. ಅಲ್ಲಿ ಚಳಿ ಜಾಸ್ತಿಯಂತೆ, ಗಂಟಲು ಕಟ್ಟಿದೆಯಂತೆ. ಜೋಡಿ ಸಿಕ್ಕಿತಂತೆ. ಎರಡು ಮರಿಗಳಾದವಂತೆ. ಏಳನೆಯ ಪುಸ್ತಕದಲ್ಲಿ, ಚಿಕ್ಕದಕ್ಕೆ ಹಲ್ಲು ಬಂತಂತೆ. ಅಲ್ಲಿಗೆ ಸರಣಿ ಮುಗಿದಿತ್ತು. ಆ ಕಾಗೆ ಅಕ್ಕನೇ ಎಂದು ನಮಗೆಲ್ಲ ಗೊತ್ತಿತ್ತು. ಮನಸ್ಸಿನ ಸಮಾಧಾನಕ್ಕೆ ಬರೆದುಕೊಳ್ಳುತ್ತಾಳೆ, ಬರೆದುಕೊಳ್ಳಲಿ ಎಂದು ಸುಮ್ಮನಿದ್ದೆವು.

ಹೋದ ವರ್ಷ ಪ್ರಕಾಶನದಿಂದ ಒಬ್ಬ ಸಂಪಾದಕಿ ಕೌಂಟರಿಗೇ ಬಂದಳು. ಚಿಕ್ಕ ವಯಸ್ಸು, ಚುರುಕು ಮಾತು. ಆ ಪುಸ್ತಕಗಳನ್ನು ದಿಂಬಿನ ಕೆಳಗಿಟ್ಟುಕೊಂಡು ಬೆಳೆದವಳಂತೆ. ಕೆಲಸ ಮುಗಿಸಿ ಅಕ್ಕನನ್ನು ಕರೆದೊಯ್ಯಲು ಬಂದಿದ್ದ ನಾನೂ ಅಲ್ಲೇ ಇದ್ದೆ.

"ನಿಮ್ಮನ್ನ ಓದಿದ ಮಕ್ಕಳೆಲ್ಲ ಈಗ ದೊಡ್ಡವರಾಗಿದ್ದಾರೆ ಮೇಡಂ. ಅವರಿಗೆ ಅದೇ ಬಸ್ಸು, ಅದೇ ಪ್ರಾಣಿಗಳು ಬೇಕು. ಆದ್ರೆ ದೊಡ್ಡವರ ಕಥೆಯಾಗಿ ಬೇಕು. ಮುಚ್ಚುಮರೆ ಬೇಡ. ಈಗ ನೋಡಿ, ನರಿ ಇದೆ. ಏಳು ಪುಸ್ತಕದಲ್ಲೂ ಬರೀ ಹಣ್ಣು ತಿನ್ನುತ್ತೆ. ಪಕ್ಕದಲ್ಲೇ ಮೊಲ ಮಲಗಿರುತ್ತೆ. ನಂಬೋ ಮಾತಾ?"

"ನಂಬಬೇಡಿ. ಆ ಮೊಲ ಒಂದು ಕಣ್ಣು ತೆರೆದುಕೊಂಡೇ ಮಲಗ್ತಿತ್ತು" ಎಂದೆ ನಾನು.

ಸಂಪಾದಕಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಮತ್ತೆ ಆ ಕಾಗೆ, ಮೇಡಂ. ನಾನು ಚಿಕ್ಕವಳಿದ್ದಾಗಲೂ ಅದರ ಮಾತನ್ನ ನಂಬಿರಲಿಲ್ಲ. ಅದು ಎಲ್ಲಿಗೂ ಹೋಗೇ ಇಲ್ಲ ಅನ್ನಿಸ್ತಿತ್ತು" ಎಂದಳು.

ಅಕ್ಕ ಕೈಯಲ್ಲಿದ್ದ ಚೀಟಿಯನ್ನು ಕೊಡೆಗೆ ಕಟ್ಟುವುದು ಬಿಟ್ಟು ಅವಳನ್ನೇ ನೋಡಿದಳು. "ಬರೀತೀನಿ" ಎಂದಳು.

ಆವತ್ತಿಗೆ ಅವಳ ಕುರ್ಚಿಯ ನೆಮ್ಮದಿ ಹೋಯಿತು. ಅವಳೂ ಅಮ್ಮನೂ ಇರುವ ತವರುಮನೆಗೆ ನಾನು ಹೋದಾಗಲೆಲ್ಲ ನೋಡುತ್ತಿದ್ದೆ, ಒಂದು ಸಾಲು ಬರೆದರೆ ಹತ್ತು ಸಲ ಏಳುವಳು. ಅಡುಗೆಮನೆಯ ಕಟ್ಟೆಗೆ ಒರಗಿ ಬರೆಯುವಳು, ಮಹಡಿಯ ಮೆಟ್ಟಿಲ ಮೇಲೆ ನಿಂತು ಬರೆಯುವಳು, ಬರೆದದ್ದನ್ನು ಹರಿದು ಕಿಟಕಿಯ ಬಳಿ ಹೋಗಿ ನಿಲ್ಲುವಳು. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿದರೂ ಅರಿವಿರಲಿಲ್ಲ. ಅತ್ತಿಂದಿತ್ತ ಓಡಾಡುವ ಅಕ್ಕನನ್ನು ನೋಡಿ ನೋಡಿ ನನಗೇ ತಲೆ ತಿರುಗುತ್ತಿತ್ತು. ಅವಳು ಕೂತಿದ್ದಷ್ಟು ದಿನ ಬೈದುಕೊಂಡವಳು ನಾನೇ. ಈಗ ಒಂದು ಗಳಿಗೆ ಕೂರಬಾರದೇ ಎಂದು ಬೇಡಿಕೊಳ್ಳುವಂತಾಯಿತು.

ಸುದ್ದಿ ಹರಡಿದ್ದೇ ತಡ, ಬಳಗದಲ್ಲಿ ಗಾಬರಿಯೋ ಗಾಬರಿ. ಇಷ್ಟು ವರ್ಷ ತುಪ್ಪಳದೊಳಗೆ ಬೆಚ್ಚಗಿದ್ದವರಿಗೆಲ್ಲ ಚರ್ಮ ಸುಲಿಯುತ್ತಾರೆಂಬ ಭಯ. ನನ್ನ ಗಂಡ ಬೆಳಿಗ್ಗೆ ಹಲ್ಲುಜ್ಜುತ್ತಲೇ, "ಕಪ್ಪೆ ದಪ್ಪ ಆಗಿದೆ ಅಂತ ಬರೀಬಾರ್ದು ಅಂತ ನಿಮ್ಮಕ್ಕಂಗೆ ಹೇಳು" ಎಂದರು. ಚಿಕ್ಕಪ್ಪ ಎಂದೂ ಮೆಟ್ಟಿಲು ಹತ್ತದವರು ಏದುಸಿರು ಬಿಡುತ್ತ ಅಕ್ಕನ ಮನೆಗೆ ಬಂದು ಕೂತರು.

"ನೋಡಮ್ಮ, ನೀನು ಏನು ಬೇಕಾದ್ರೂ ಬರ್ಕೋ. ಮುಳ್ಳುಹಂದಿ ಸಿಡುಕ ಅಂತ ಬರಿ, ಗೊರಕೆ ಹೊಡೆಯುತ್ತೆ ಅಂತ ಬರಿ. ಆದ್ರೆ ಕರಡಿ ಹೋದ್ಮೇಲೆ ಮುಳ್ಳುಹಂದಿ ಅಂಗಡೀನ ಹೇಗೆ ತನ್ನ ಹೆಸರಿಗೆ ಮಾಡ್ಕೊಂಡಿತು ಅನ್ನೋದೆಲ್ಲ ಯಾಕೆ?"

"ಅದು ನನಗೆ ಗೊತ್ತೇ ಇರಲಿಲ್ಲ ಚಿಕ್ಕಪ್ಪ" ಎಂದಳು ಅಕ್ಕ.

ಚಿಕ್ಕಪ್ಪನ ಮುಖ ನೋಡಬೇಕಿತ್ತು. ನಾನು ಅಡುಗೆಮನೆಗೆ ಓಡಿಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ನಗುವಿನ ದಿನಗಳು ಅಷ್ಟಕ್ಕೇ ಮುಗಿದವು. ಅಮ್ಮನಿಗೆ ಕಣ್ಣು ಮಂಜಾಗಿ ಬಹಳ ಕಾಲವಾಯಿತು, ಅಕ್ಷರ ಕಾಣುವುದಿಲ್ಲ. ಬೆರಳಿಗೆ ಮಾತ್ರ ಮಬ್ಬು ಕವಿದಿಲ್ಲ. ಕಿಟಕಿಯ ಬಳಿ ಕೂತು ತಡವಿಕೊಂಡೇ ಉಲನ್ ಹೆಣೆಯುತ್ತಾಳೆ. ಅಕ್ಕನ ಪುಸ್ತಕಗಳನ್ನೆಲ್ಲ ಅವಳಿಗೆ ಓದಿ ಹೇಳಿದವಳು ನಾನು. ಕಾಗೆ ಬರುವ ಪುಟವನ್ನು ಪ್ರತಿ ಸಲ ಎರಡೆರಡು ಬಾರಿ ಓದಿಸುತ್ತಿದ್ದಳು. ಮುದುಕಿಗೆ ಆಸೆ, ಇರಲಿ ಎಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಅಕ್ಕ ಕೆಲಸಕ್ಕೆ ಹೋಗಿದ್ದಾಗ ಅಮ್ಮ ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದಳು. "ಈ ಸಲ ಏನಂತೆ?"

"ಯಾವುದು?"

"ಅವನ ಸುದ್ದಿ ಕಣೇ. ಎಷ್ಟು ವರ್ಷ ಆಯ್ತು, ಒಂದೂ ಇಲ್ಲ. ಮತ್ತೆ ಬರೀತಿದ್ದಾಳೆ ಅಂದ್ರೆ ಏನೋ ಬಂದಿರಬೇಕು."

ನನಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಅಕ್ಕನಿಗೆ ಅಣ್ಣ ಗುಟ್ಟಾಗಿ ಹೇಳಿಕಳಿಸುತ್ತಾನೆ, ಅಪ್ಪನ ಹೆದರಿಕೆಗೆ ಅವಳು ಅದನ್ನು ನೇರವಾಗಿ ಹೇಳದೆ ಕಾಗೆಯ ಬಾಯಲ್ಲಿ ಹೇಳಿಸುತ್ತಾಳೆ ಎಂದು ಅಮ್ಮ ಇಷ್ಟು ವರ್ಷವೂ ನಂಬಿದ್ದಳು.

"ಅಮ್ಮ, ಅದು ಕಥೆ" ಎಂದೆ.

"ನೀನು ಕಾಲು ಮುರ್ಕೊಂಡಿದ್ದು ಕಥೆಯಾ? ನಿನ್ನ ಗಂಡ ಗೊಣಗೋದು ಕಥೆಯಾ? ಮಿಕ್ಕಿದ್ದೆಲ್ಲ ನಿಜ ಆದ್ಮೇಲೆ ಅದೊಂದು ಯಾಕೆ ಸುಳ್ಳಾಗುತ್ತೆ?"

"ಅಪ್ಪ ಹೋಗಿ ಎಷ್ಟು ಕಾಲ ಆಯ್ತು. ಆಮೇಲಾದ್ರೂ ಅಕ್ಕನ್ನ ಕೇಳಬಹುದಿತ್ತಲ್ಲ?"

"ಯಾರಿಗೂ ಹೇಳಬೇಡ ಅಂತ ಅವನೇ ಮಾತು ತಗೊಂಡಿರಬೇಕು. ನಾನು ಕೆದಕಿ, ಅವನು ಹೇಳಿಕಳಿಸೋದನ್ನೇ ನಿಲ್ಲಿಸಿಬಿಟ್ರೆ?"

ಹೀಗೆಂದು ಮಂಚದ ಕೆಳಗಿನ ಟ್ರಂಕನ್ನು ಎಳೆಸಿದಳು. ಅಮ್ಮ ಯಾವಾಗಲೂ ಏನಾದರೊಂದು ಹೆಣೆಯುತ್ತಿದ್ದುದನ್ನು ನೋಡಿದ್ದೆ, ಹೆಣೆದದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿರಲಿಲ್ಲ. ಟ್ರಂಕಿನ ತುಂಬ ಮಫ್ಲರುಗಳು. ಗಂಟಲು ಕಟ್ಟಿದೆ ಎಂದಿತ್ತಲ್ಲ ಕಾಗೆ, ಅದಕ್ಕೆ. ಅವುಗಳ ಅಡಿಯಲ್ಲಿ ಟೋಪಿಗಳು, ಜೋಡಿ ಜೋಡಿಯಾಗಿ. ಅಂಗೈಯಗಲದ್ದರಿಂದ ಹಿಡಿದು ದೊಡ್ಡವರ ತಲೆಗಾಗುವಷ್ಟರವರೆಗೆ ವರ್ಷ ವರ್ಷ ಬೆಳೆದಿದ್ದವು. "ದೊಡ್ಡವನಿಗೆ ಈಗ ಮೀಸೆ ಬಂದಿರುತ್ತೆ" ಎಂದಳು ಅಮ್ಮ, ಒಂದು ಟೋಪಿಯನ್ನು ಮಡಿಲಲ್ಲಿ ಸವರುತ್ತ.

ಹೊರಗೆ ಬಂದು ಸೀದಾ ಬಸ್ ನಿಲ್ದಾಣಕ್ಕೆ ನಡೆದೆ. ಓದಬೇಕಾದ ಮೀಟರುಗಳು ಇನ್ನೂ ಒಂದು ಬೀದಿಯಷ್ಟಿದ್ದವು, ಅವು ಎಲ್ಲಿಗೂ ಓಡಿಹೋಗುವುದಿಲ್ಲ. ಅಕ್ಕನ ಕೌಂಟರಿನ ಕಿಂಡಿಯಲ್ಲಿ ತಲೆ ತೂರಿಸಿ ಎಲ್ಲ ಹೇಳಿದೆ. ಹೇಳುತ್ತಿರುವಾಗಲೇ ಒಬ್ಬಾತ ಬಂದು ಕಪ್ಪು ಕೊಡೆ ಎಂದ. ಅಕ್ಕ ಡ್ರಮ್ಮಿಗೆ ಕೈ ಹಾಕಿ, ಸಿಕ್ಕಿದ ಒಂದನ್ನು ತೆಗೆದು ಕೊಟ್ಟುಬಿಟ್ಟಳು. ಗುರುತು ಕೇಳಲಿಲ್ಲ. ಅವನು ಅದನ್ನು ಬಿಚ್ಚಿ ನೋಡಿ, ತನ್ನದಕ್ಕಿಂತ ಚೆನ್ನಾಗಿತ್ತೋ ಏನೋ, ಸರಸರನೆ ಹೊರಟುಹೋದ.

"ಟೋಪಿನಾ?" ಎಂದಳು ಅಕ್ಕ.

"ಟ್ರಂಕ್ ತುಂಬ."

"ಆ ಮರಿಗಳನ್ನ ನಾನು ಯಾಕೆ ಹಾಕ್ದೆ ಗೊತ್ತಾ? ಪುಟ ತುಂಬಲಿಲ್ಲ ಅಂತ. ಎರಡು ಸಾಲು ಕಡಿಮೆ ಬಿದ್ದಿತ್ತು."

ಅವಳು ಕುರ್ಚಿಯಿಂದ ಎದ್ದು ಆ ಓರೆ ಸೂರಿನ ಕೆಳಗೆ ನಿಂತಳು, ತಲೆ ತಗುಲಿ ಮತ್ತೆ ಕೂತಳು, ಮತ್ತೆ ಎದ್ದಳು. ಹೊಸ ಪುಸ್ತಕದ ಕೊನೆಯ ಅಧ್ಯಾಯ ಆಗಲೇ ಬರೆದಾಗಿತ್ತು. ಅದರಲ್ಲಿ ಕಾಗೆ ನಿಜ ಹೇಳುತ್ತದೆ. ದೊಡ್ಡವರ ಪುಸ್ತಕಕ್ಕೆ ಅದೇ ಸರಿಯಾದ ಕೊನೆ ಎಂದು ಅಕ್ಕನಿಗೆ ಅನ್ನಿಸಿತ್ತು, ಸಂಪಾದಕಿಗೂ ಒಪ್ಪಿಗೆಯಾಗಿತ್ತು. ಅಚ್ಚಾಗಿ ಬಂದರೆ ಅಮ್ಮನಿಗೆ ಓದಿ ಹೇಳಬೇಕಾದವಳು ನಾನು. ಆ ಒಂದು ಪುಟಕ್ಕೆ ಅಮ್ಮ ಮಗನನ್ನೂ ಸೊಸೆಯನ್ನೂ ಇಬ್ಬರು ಮೊಮ್ಮಕ್ಕಳನ್ನೂ ಒಟ್ಟಿಗೇ ಕಳೆದುಕೊಳ್ಳಬೇಕಿತ್ತು.

"ಅಮ್ಮಂಗೆ ಬೇರೆ ಕೊನೆ ಓದಿ ಹೇಳೋಣ. ಚಿಕ್ಕವನೂ ಕಾಲೇಜು ಸೇರಿದ ಅಂತ ಏನಾದ್ರೂ ನಾನೇ ಹೇಳ್ತೀನಿ. ಇನ್ನೆಷ್ಟು ವರ್ಷ ಇದ್ದಾಳು?" ಎಂದೆ. ಮನಸ್ಸಿನಲ್ಲಿದ್ದದ್ದನ್ನೇ ಹೇಳಿದೆ. ಚಿಕ್ಕಪ್ಪನೂ ಅದನ್ನೇ ಹೇಳಿದರು. ಅವರಿಗೆ ಅಂಗಡಿಯ ವಿಷಯ ಬಿಟ್ಟು ಬೇರೆ ಯಾವುದಾದರೂ ನಡೆಯುತ್ತಿದ್ದರೆ ಸಾಕಿತ್ತು.

ಅಕ್ಕ ಆ ವಾರ ಪೂರ್ತಿ ಮನೆಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ಸುಳಿದಾಡಿದಳು. ಅಮ್ಮನ ಎದುರು ನಿಲ್ಲುವಳು, ಬಾಯಿ ತೆರೆಯುವಳು, "ನೀರು ಬೇಕಾಮ್ಮ?" ಎಂದು ಕೇಳಿ ಹೊರಟುಹೋಗುವಳು. ನೀರು ಕುಡಿದೂ ಕುಡಿದೂ ಅಮ್ಮ ರೇಗಿದಳು.

ರಜೆಯ ದಿನ ನಾನು ಹೋದಾಗ ಅಕ್ಕ ಕೈಯಲ್ಲಿ ಹಾಳೆಗಳನ್ನು ಹಿಡಿದು ಅಮ್ಮನ ಎದುರು ಕೂತಿದ್ದಳು. ನನ್ನನ್ನು ನೋಡಿ, "ನಾನೇ ಓದ್ತೀನಿ. ನೀನು ಕೂತ್ಕೋ" ಎಂದಳು. ನಾನು ಬಾಗಿಲ ಬಳಿಯೇ ನಿಂತೆ. ಓಡಿಹೋಗಬೇಕು ಅನ್ನಿಸುತ್ತಿತ್ತು.

ಅಕ್ಕ ಓದಿದಳು. ಆಮೆ ಕೇಳುತ್ತದೆ, ಈ ಸಲ ಏನು ಸುದ್ದಿ ಎಂದು. ಕಾಗೆ ಕನ್ನಡಿಯ ಮೇಲೆ ಕೂರುವುದಿಲ್ಲ, ಕೆಳಗಿಳಿದು ಆಮೆಯ ಕಾಲ ಬಳಿ ನಿಲ್ಲುತ್ತದೆ. 'ನಾನು ನದಿಯ ತಿರುವಿನ ಮರದವರೆಗೆ ಮಾತ್ರ ಹೋಗುತ್ತಿದ್ದೆ. ಅಲ್ಲಿ ಕೊಂಬೆಯ ಮೇಲೆ ಕೂತು ಏನು ಹೇಳಲಿ ಎಂದು ಯೋಚಿಸಿಕೊಂಡು ತಿರುಗಿ ಬರುತ್ತಿದ್ದೆ. ಸೇತುವೆಯನ್ನು ನಾನು ನೋಡಿಲ್ಲ. ನೀರುನಾಯಿಯನ್ನೂ ನೋಡಿಲ್ಲ' ಎನ್ನುತ್ತದೆ.

ಅಮ್ಮನ ಕೈಯ ಹೆಣಿಗೆ ಕಡ್ಡಿಗಳು ನಿಂತವು.

"ಸೇತುವೆ ದಾಟಿದ್ದು?"

"ನೋಡಿಲ್ಲಮ್ಮ."

"ಗಂಟಲು ಕಟ್ಟಿದ್ದು?"

"ನಾನೇ ಬರೆದದ್ದು."

"ಹುಡುಗರು?"

ಅಕ್ಕ ತಲೆಯಾಡಿಸಿದಳು. ಅಮ್ಮನಿಗೆ ಅದು ಕಾಣುವುದಿಲ್ಲ ಎಂದು ನೆನಪಾಗಿ, "ಇಲ್ಲಮ್ಮ. ಇಲ್ಲ" ಎಂದಳು.

"ಚಿಕ್ಕದಕ್ಕೆ ಹಲ್ಲು ಬಂತು ಅಂದ್ಯಲ್ಲೇ."

ಬದುಕಿನಲ್ಲಿ ಅಷ್ಟು ಹೊತ್ತು ನಾನು ಒಂದೇ ಕಡೆ ನಿಂತದ್ದು ನೆನಪಿಲ್ಲ. ಅಮ್ಮ ಉಲನ್ ಉಂಡೆಯನ್ನು ತಡವಿ ತಡವಿ ಸುತ್ತಿದಳು, ಕಡ್ಡಿಗಳನ್ನು ಅದಕ್ಕೆ ಚುಚ್ಚಿದಳು, ಮಡಿಲಿಂದ ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅಳಲಿಲ್ಲ. ಅತ್ತಿದ್ದರೆ ನಮಗೆ ಏನಾದರೂ ಮಾಡಲು ಇರುತ್ತಿತ್ತು.

"ಬದುಕಿದ್ದಾನೋ ಇಲ್ವೋ?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ."

"ಯಾರನ್ನಾದ್ರೂ ಕೇಳಿದ್ಯಾ?"

"ಇಲ್ಲ."

"ಆ ಕಾಗೆಗೆ ರೆಕ್ಕೆ ಇತ್ತಲ್ಲೇ. ಮರದ ಮೇಲೆ ಕೂತು ಸುಳ್ಳು ಹೊಸೆಯೋಕೆ ಪುರುಸೊತ್ತಿತ್ತು, ಒಂದು ಸಲ ಮುಂದೆ ಹಾರಿ ನೋಡೋಕೆ ಆಗಲಿಲ್ವಾ ಅದಕ್ಕೆ?" ಅಮ್ಮನ ದನಿ ಅಷ್ಟು ಮೇಲೇರಿದ್ದನ್ನು ನಾವು ಅಪ್ಪ ಇದ್ದಾಗಲೂ ಕೇಳಿರಲಿಲ್ಲ. "ದಿನಾ ಆ ಕೌಂಟರ್‌ನಲ್ಲಿ ಕೂತಿರ್ತೀಯ. ಕೊಡೆ ಕಳ್ಕೊಂಡೋರು ನಿನ್ನ ಹತ್ರ ಬಂದು ಕೇಳ್ತಾರೆ. ಚಪ್ಪಲಿ ಕಳ್ಕೊಂಡೋರು ಬಂದು ಕೇಳ್ತಾರೆ. ನಾವು ಮಗನ್ನೇ ಕಳ್ಕೊಂಡ್ವಿ. ಯಾವ ಕೌಂಟರ್‌ಗೆ ಹೋಗಿ ಕೇಳಿದ್ವಿ?"

ಅಕ್ಕ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ನನಗೆ ಅವಳ ಮೇಲೆ ಕೋಪ ಬಂತು, ಅಮ್ಮನ ಮೇಲೂ ಬಂತು. ಸತ್ತುಹೋದ ಅಪ್ಪನ ಮೇಲಂತೂ ಎಷ್ಟು ಬಂತೆಂದರೆ, ಗೋಡೆಯ ಮೇಲಿದ್ದ ಅವರ ಫೋಟೋವನ್ನು ತಿರುಗಿಸಿ ಇಡೋಣ ಅನ್ನಿಸಿತು. ಆ ದಿನ ಅಮ್ಮ ಊಟ ಮಾಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮಾರನೆಯ ಬೆಳಿಗ್ಗೆ ಅಕ್ಕ ರಜೆ ಕೇಳಿದಳು. ಜ್ವರ ಬಂದಾಗಲೂ ಕೌಂಟರು ಬಿಡದವಳು ರಜೆ ಎಂದಾಗ ಮ್ಯಾನೇಜರ್ ತಬ್ಬಿಬ್ಬಾಗಿ, ಯಾರಾದರೂ ತೀರಿಕೊಂಡರೇ ಎಂದು ಕೇಳಿದರಂತೆ. "ಅದನ್ನೇ ತಿಳ್ಕೊಂಡು ಬರೋಕೆ ಹೋಗ್ತಿದ್ದೀನಿ" ಎಂದಳಂತೆ ಅಕ್ಕ. ನದಿಯ ಉದ್ದಕ್ಕೂ ಸರಕು ದೋಣಿ ನಿಲ್ಲುವ ಊರುಗಳಿವೆ. ಒಂದೊಂದೇ ಊರಿಗೆ ಇಳಿದು ದೋಣಿಯವರನ್ನು, ಗೋದಾಮಿನವರನ್ನು, ಆಸ್ಪತ್ರೆಯವರನ್ನು ಕೇಳುವುದು ಎಂದು ತೀರ್ಮಾನಿಸಿದ್ದಳು. ಮೂವತ್ತು ವರ್ಷಕ್ಕೂ ಹಿಂದೆ ಹೋದವನು. ಹುಚ್ಚುತನ ಎಂದು ಚಿಕ್ಕಪ್ಪ ಹೇಳಿದರು. ಹುಚ್ಚುತನವೇ, ನಾನೂ ಒಪ್ಪುತ್ತೇನೆ. ಆದರೂ ಅವಳ ಚೀಲಕ್ಕೆ ಬಟ್ಟೆ ತುಂಬಿಕೊಟ್ಟವಳು ನಾನೇ.

ಹೊರಡುವಾಗ ಅಮ್ಮ ಟ್ರಂಕು ತೆಗೆಸಿದಳು. ಟೋಪಿಗಳನ್ನೆಲ್ಲ ನನ್ನ ಕಡೆ ತಳ್ಳಿ, "ನೀನು ಮೀಟರ್ ಓದೋಕೆ ಹೋಗೋ ಮನೆಗಳಲ್ಲಿ ಹುಡುಗರಿದ್ರೆ ಕೊಡು" ಎಂದಳು. ಮಫ್ಲರುಗಳಲ್ಲಿ ಒಂದನ್ನು ಆರಿಸಿ ಅಕ್ಕನ ಕೈಗಿಟ್ಟಳು. ಮಿಕ್ಕವನ್ನು ಮತ್ತೆ ಟ್ರಂಕಿಗೇ ಹಾಕಿಸಿದಳು.

ಅಕ್ಕ ಬಾಗಿಲವರೆಗೆ ಹೋದವಳು ಚೀಲ ಇಳಿಸಿ ತಿರುಗಿದಳು. "ಗುರುತು ಹೇಳಮ್ಮ" ಎಂದಳು. ಅದೇ ಕೌಂಟರಿನ ದನಿ.

"ಎಡಗೈ ಮಣಿಕಟ್ಟಲ್ಲಿ ಸುಟ್ಟ ಕಲೆ ಇದೆ. ಇಸ್ತ್ರಿ ಪೆಟ್ಟಿಗೆಯ ಮೂತಿ ಹಾಗೇ ಅಚ್ಚು ಒತ್ತಿದೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡೀತಾನೆ, ಮುಂದಿನ ಹಲ್ಲು ಒಂದು ಮುರಿದಿದೆ ಅಂತ. ಕೂದ್ಲು ಗುಂಗುರು…"

"ಕೂದ್ಲು ಬೇಡಮ್ಮ. ಬದಲಾಗಿರುತ್ತೆ."

"ಹಾಗಾದ್ರೆ ಕರೆದು ನೋಡು. ಯಾರಾದ್ರೂ ಕರೆದ್ರೆ ಒಂದೇ ಸಲಕ್ಕೆ ತಿರುಗಿ ನೋಡಲ್ಲ ಅವನು. ಎರಡು ಸಲ ಕರೀಬೇಕು."

"ಎರಡು ಸಲ ಕರೀತೀನಿ" ಎಂದು ಅಕ್ಕ ಇಳಿದುಹೋದಳು.

ಈಗ ಅವಳ ಕೌಂಟರಿನಲ್ಲಿ ಬೇರೆ ಯಾರೋ ಕೂತಿದ್ದಾರೆ, ಗುರುತನ್ನೂ ಕೇಳದೆ ಕೊಡುತ್ತಾರಂತೆ. ಸಂಪಾದಕಿ ಫೋನ್ ಮಾಡಿ ಪುಸ್ತಕ ಎಲ್ಲಿಗೆ ಬಂತು ಎಂದಳು. "ಕೊನೆಯ ಅಧ್ಯಾಯ ಬದಲಾಗುತ್ತಂತೆ. ಕಾಗೆ ಊರಲ್ಲಿಲ್ಲ" ಎಂದು ಹೇಳಿ ಇಟ್ಟುಬಿಟ್ಟೆ. ಅವಳಿಗೆ ಏನು ಅರ್ಥವಾಯಿತೋ. ಅಮ್ಮನ ಜೊತೆಗಿರಲು ನಾನು ಇಲ್ಲಿಗೇ ಬಂದಿದ್ದೇನೆ. ಸಂಜೆಯಾಗುತ್ತಲೇ ಕೆಲಸ ಮುಗಿಸಿ ಬಂದು ಫೋನಿನ ಪಕ್ಕ ಕೂರುತ್ತೇನೆ. ಕೂರಲಾಗುವುದಿಲ್ಲ, ಆದರೂ ಕೂರುತ್ತೇನೆ.

ಮೊದಲ ಸಂಜೆ ಅಕ್ಕನ ಫೋನು ಬಂದಾಗ ಹಿಂದೆ ದೋಣಿಗಳ ಮೋಟಾರು ಸದ್ದು ಕೇಳುತ್ತಿತ್ತು. "ಎಲ್ಲರನ್ನೂ ಕೇಳ್ದೆ ಕಣೆ. ಹಳೇ ದೋಣಿಯೋರ ಮನೆಗೆಲ್ಲ ಹೋಗಿಬಂದೆ. ಇಲ್ಲಿ ಇಲ್ಲ. ಇಲ್ಲಿಗೆ ಬಂದೇ ಇಲ್ಲ ಅವನು" ಎಂದಳು. ದನಿಯಲ್ಲಿ ದಣಿವಿತ್ತು. ಫೋನ್ ಇಟ್ಟು ತಿರುಗಿದರೆ ಅಮ್ಮ ಮೈಯೆಲ್ಲ ಕಿವಿಯಾಗಿ ನನ್ನ ಕಡೆಗೇ ಮುಖ ಮಾಡಿ ಕೂತಿದ್ದಳು. ನನ್ನ ನಾಲಿಗೆಯ ತುದಿಗೆ ಸುಳ್ಳು ಬಂದುಬಿಟ್ಟಿತ್ತು. ಯಾರೋ ಅವನಂಥವನನ್ನು ನೋಡಿದ ಹಾಗಿದೆಯಂತೆ ಎಂದರೆ ಆಯಿತು, ಅಷ್ಟು ಸಣ್ಣದು. ಅಕ್ಕನಿಗೆ ಅದು ಎಷ್ಟು ಸುಲಭವಾಗಿ ಬಂದಿರಬೇಕು ಎಂದು ಆಗ ಗೊತ್ತಾಯಿತು.

"ಆ ಊರಲ್ಲಿ ಇಲ್ಲವಂತಮ್ಮ" ಎಂದೆ.

"ಸರಿಯಾಗಿ ಕೇಳಿದಳಂತಾ?"

"ಮನೆಮನೆಗೂ ಹೋದಳಂತೆ."

ಅಮ್ಮ ಕಿಟಕಿಯ ಕಟ್ಟೆಯ ಮೇಲೆ ತಡವಿ, ಅಂದಿನಿಂದ ಮುಟ್ಟದೆ ಬಿಟ್ಟಿದ್ದ ಉಲನ್ ಉಂಡೆಯನ್ನು ತೆಗೆದುಕೊಂಡು ಕಡ್ಡಿಗಳನ್ನು ಹೊರಗೆಳೆದಳು.

"ಸರಿ, ಒಂದು ಊರು ಆಯ್ತು. ನಾಳೆ ಯಾವುದು?" ಎಂದಳು.